ಬೇಲಿಯ ಬಾರೆ ಗಿಡ ಮತ್ತು ಬೂದಿ ಮೂತಿ ಹುಳು: ಹುಡುಕುವುದು, ಗುರುತಿಸುವುದು, ವರ್ಷವಿಡೀ ಗಮನಿಸುವುದು ಹೇಗೆ?

ಮೂತಿ ಹುಳು ಅಂದ ಕೂಡಲೇ ನಮ್ಮ ಕಡೆ ನೆನಪಾಗುವುದು ತೆಂಗಿನ ಮರ ಕೊರೆಯುವ ಕೆಂಪು ಮೂತಿ ಹುಳು. ಹೊಸದುರ್ಗದ ತೋಟದವರನ್ನು ಕೇಳಿದರೆ ಅದಕ್ಕೆ ಅರ್ಧ ಗಂಟೆ ಬೈಗುಳ ಸಿಗುತ್ತದೆ. ಅಕ್ಕಿ ಡಬ್ಬದಲ್ಲಿ ಓಡಾಡುವ ಸಣ್ಣ ಕರಿ ಹುಳುವೂ ಅದೇ ಬಳಗದ್ದು. ಮಾವಿನ ಓಟೆ ಒಡೆದಾಗ ಒಳಗಿಂದ ಇಣುಕುವ ಕಪ್ಪನೆಯದೂ ಅದೇ ಬಳಗ. ಜಗತ್ತಿನಲ್ಲಿ ಇಲ್ಲಿಯವರೆಗೆ ಹೆಸರಿಟ್ಟಿರುವ ಮೂತಿ ಹುಳುಗಳೇ 50,000ಕ್ಕಿಂತ ಜಾಸ್ತಿ. ಅಷ್ಟನ್ನೂ ಬಿಡಿ. ಒಂದನ್ನು ಹಿಡಿದುಕೊಳ್ಳೋಣ.

ಆ ಒಂದು ಯಾವುದೆಂದರೆ ಬೂದಿ ಮೂತಿ ಹುಳು. ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪ, ಮೈತುಂಬಾ ವಿಭೂತಿ ಬಳಿದುಕೊಂಡಂಥ ಬಣ್ಣ. ಚಿತ್ರದುರ್ಗದ ಸುತ್ತಲಿನ ಕುರುಚಲು ಕಾಡು, ಹೊಲದ ಬೇಲಿ, ಊರೊಳಗಿನ ದಾಸವಾಳದ ಗಿಡ, ಎಲ್ಲಾ ಕಡೆ ಇದೆ. ಆದರೂ ಅದನ್ನು ನೋಡಿದವರು ಕಡಿಮೆ. ನಾನು ಕೀಟ ವಿಜ್ಞಾನ ಓದಿದವನಲ್ಲ. ಮೊದಲ ವರ್ಷ ಭಾನುವಾರ ಬಂದರೆ ಸಾಕು, ಬೆಟ್ಟದ ಬುಡ, ಕೆರೆ ಏರಿ ಅಂತ ಅಲೆಯುತ್ತಿದ್ದೆ. ಸಿಕ್ಕಿದ್ದು ಕಾಲಿಗೆ ಮುಳ್ಳು ಮಾತ್ರ. ಎರಡನೇ ವರ್ಷ ಸುಸ್ತಾಗಿ ಮನೆ ಹಿಂದಿನ ಬೇಲಿಯ ಒಂದೇ ಬಾರೆ ಗಿಡದ ಮುಂದೆ ಕೂತೆ. ಅವತ್ತಿಂದ ಹುಳು ಸಿಗಲು ಶುರುವಾಯಿತು. ಹತ್ತು ಬೆಟ್ಟ ಒಂದೊಂದು ಸಲ ನೋಡುವುದಕ್ಕಿಂತ ಒಂದು ಗಿಡವನ್ನು ಐವತ್ತು ಸಲ ನೋಡುವುದು ಮೇಲು. ಈ ಮಾರ್ಗದರ್ಶಿ ನಿಂತಿರುವುದು ಆ ಲೆಕ್ಕದ ಮೇಲೆ.

ಮೊದಲು ಹುಳುವಿನ ಪರಿಚಯ

ಇದರ ಕುಲದ ಹೆಸರು ಮಿಲ್ಲೊಸೆರಸ್. ಈ ಕುಲದಲ್ಲಿ ನಮ್ಮ ನೆಲದ್ದೇ ಆದ ಹಲವು ಜಾತಿಗಳಿವೆ. ನಾವು ಮುಖ್ಯವಾಗಿ ಹುಡುಕುವುದು ಮಿಲ್ಲೊಸೆರಸ್ ಅಂಡೆಸಿಂಪುಸ್ಟುಲೇಟಸ್ ಎಂಬುದನ್ನು. ಹೆಸರು ಬಾಯಿಗೆ ಹೊರಳುವುದಿಲ್ಲ, ನಿಜ. ಲ್ಯಾಟಿನ್‌ನಲ್ಲಿ ಅದಕ್ಕೆ ಹನ್ನೊಂದು ಚುಕ್ಕೆಯದು ಎಂದರ್ಥ. ಹುಳು ಸಿಕ್ಕಾಗ ಹನ್ನೊಂದು ಎಣಿಸಲು ಮಾತ್ರ ಹೋಗಬೇಡಿ, ತಲೆ ಕೆಡುತ್ತದೆ.

ಇದು ಭಾರತ, ಶ್ರೀಲಂಕಾ, ಪಾಕಿಸ್ತಾನದ ಹುಳು. 2000ನೇ ಇಸವಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಂದು ನಿಂಬೆ ಜಾತಿಯ ಗಿಡದ ಮೇಲೆ ಕಾಣಿಸಿತು. ಅಲ್ಲಿ ಈಗ ನೂರೈವತ್ತಕ್ಕೂ ಹೆಚ್ಚು ಬಗೆಯ ಗಿಡ ಮೇಯುವ ಪೀಡೆಯಾಗಿದೆ. ಅಲ್ಲಿನವರು ಇದನ್ನು ಕರೆಯುವುದು 'ಶ್ರೀಲಂಕಾ ವೀವಿಲ್' ಎಂದು. ನಮ್ಮ ಬೇಲಿಯಲ್ಲಿ ಅದಕ್ಕೆ ಹಕ್ಕಿ, ಜೇಡ, ಇರುವೆ, ಬೂಸ್ಟು, ಬೇಸಿಗೆ, ಎಲ್ಲವೂ ಕಾಟ ಕೊಡುತ್ತವೆ. ಹೊಸ ಊರಿಗೆ ಹೋದಾಗ ಹಳೆಯ ಶತ್ರುಗಳೆಲ್ಲಾ ಜೊತೆಗೆ ಹೋಗುವುದಿಲ್ಲ, ಅಲ್ವಾ?

ಉದ್ದ ಸುಮಾರು 6ರಿಂದ 8.5 ಮಿಲಿಮೀಟರ್. ಹೆಣ್ಣು ಗಂಡಿಗಿಂತ ತುಸು ದೊಡ್ಡದು. ಮೂತಿ ಎಂದಾಕ್ಷಣ ಆನೆ ಸೊಂಡಿಲು ಊಹಿಸಿಕೊಳ್ಳಬೇಡಿ. ಅಕ್ಕಿ ಹುಳುವಿಗೆ ಉದ್ದ ಸೊಂಡಿಲು ಇದೆ. ಇದಕ್ಕೆ ಇರುವುದು ಗಿಡ್ಡ, ಅಗಲ ಮೂತಿ. ಪಕ್ಕದಿಂದ ನೋಡಿದರೆ ಥೇಟ್ ಕತ್ತೆ ಮುಖ.

ಇದರ ಮನೆ ಎರಡು ಅಂತಸ್ತು

ಇದನ್ನು ತಿಳಿಯದೆ ಹುಡುಕಲು ಹೊರಟಿದ್ದೇ ನನ್ನ ಮೊದಲ ತಪ್ಪು. ದೊಡ್ಡ ಹುಳು ಇರುವುದು ಎಲೆಯ ಮೇಲೆ. ಮರಿ ಇರುವುದು ಅದೇ ಗಿಡದ ಬುಡದ ಮಣ್ಣಿನೊಳಗೆ. ಹೆಣ್ಣು ಗಿಡದ ಕೆಳಗಿನ ಮಣ್ಣು, ಕಸಕಡ್ಡಿಯ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು. ಮೂರರಿಂದ ಐದು ದಿನಕ್ಕೆ ಒಡೆಯುತ್ತದೆ. ಮರಿ ಕೆಳಗಿಳಿದು ಒಂದೆರಡು ತಿಂಗಳು ಬೇರು ತಿನ್ನುತ್ತದೆ. ಆಮೇಲೆ ಮಣ್ಣಿನಲ್ಲೇ ಒಂದು ವಾರದಷ್ಟು ಕೋಶದ ಅವಸ್ಥೆ. ನಂತರ ಮೇಲೆ ಬಂದು ಎಲೆಗೆ ಹತ್ತುತ್ತದೆ. ಒಂದು ಹೆಣ್ಣು 24 ದಿನಗಳಲ್ಲಿ 360ರವರೆಗೆ ಮೊಟ್ಟೆ ಇಟ್ಟಿದ್ದು ದಾಖಲಾಗಿದೆ.

ಹಾಗಾಗಿ ಗಿಡ ಚೆನ್ನಾಗಿದ್ದರೆ ಸಾಲದು, ಬುಡವೂ ಚೆನ್ನಾಗಿರಬೇಕು. ಬುಡದಲ್ಲಿ ಎಲೆ ಕಸ ಉದುರಿ ನೆರಳು ಇರಬೇಕು. ವರ್ಷಕ್ಕೆ ಎರಡು ಸಲ ನೇಗಿಲು ಹಾಯುವ ಜಾಗ, ಬೇಸಿಗೆಯಲ್ಲಿ ಬೆಂಕಿ ಹಚ್ಚುವ ಜಾಗ, ಸಿಮೆಂಟ್ ಹಾಕಿ ಮುಚ್ಚಿದ ಜಾಗ ಇದಕ್ಕೆ ಒಗ್ಗುವುದಿಲ್ಲ. ಬೇಲಿ ಸಾಲು ಸರಿಹೋಗುವುದು ಇದೇ ಕಾರಣಕ್ಕೆ. ಬೇಲಿಯ ಬುಡವನ್ನು ಯಾರೂ ಉಳುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ, ಈ ಹುಳುವಿನ ವಿಷಯದಲ್ಲಿ ಆ ಮಾತು ಸ್ವಲ್ಪ ನಿಜವೇ. ಬೇಲಿಯಲ್ಲಿ ಹುಟ್ಟಿ ಪಕ್ಕದ ಬದನೆ, ಬೆಂಡೆ, ಹತ್ತಿಗೆ ಕೈ ಹಾಕುವುದುಂಟು.

ಗಿಡ ಆರಿಸುವುದು

ಮನೆಯಿಂದ ಐದು ನಿಮಿಷದ ನಡಿಗೆಯಲ್ಲಿರುವ ಗಿಡವನ್ನೇ ಆರಿಸಿ. ದೂರದ್ದಾದರೆ ಮೂರನೇ ವಾರಕ್ಕೆ ಬಿಟ್ಟುಬಿಡುತ್ತೀರಿ. ನನ್ನ ಮೊದಲ ಆಯ್ಕೆ ಬಾರೆ. ಎಲಚಿ, ಬೋರೆ ಅಂತಲೂ ಕರೆಯುತ್ತಾರೆ. ಬಾರೆ ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ಬಿಳಿ ತುಪ್ಪಳ. ಬೂದಿ ಬಣ್ಣದ ಹುಳು ಆ ಬಿಳಿ ಬದಿಗೆ ಕಚ್ಚಿಕೊಂಡರೆ ಮುಗಿಯಿತು, ಎದುರಿಗೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಊರೊಳಗೆ ಇರುವವರಿಗೆ ದಾಸವಾಳ, ಕಾಗದದ ಹೂವು, ನಿಂಬೆ ಸಾಕು. ದಾವಣಗೆರೆಯ ಬಡಾವಣೆಯ ಕಾಂಪೌಂಡ್ ಗೋಡೆಯ ದಾಸವಾಳವನ್ನು ಕಡಿಮೆ ಅಂದುಕೊಳ್ಳಬೇಡಿ. ಹೊಲ ಇರುವವರು ತೊಗರಿ, ಬೆಂಡೆ, ಹತ್ತಿ ಸಾಲಿನ ಅಂಚು ನೋಡಿ. ಔಷಧಿ ಹೊಡೆಯುವ ಹೊಲದ ಒತ್ತಿಗಿರುವ ಗಿಡ ಬೇಡ. ಹುಳು ಸಿಗುವುದಿಲ್ಲ ಅನ್ನುವುದಕ್ಕಿಂತ ಮುಖ್ಯವಾಗಿ, ಆ ಎಲೆ ಮುಟ್ಟಿ ಅದೇ ಕೈಯಲ್ಲಿ ಊಟ ಮಾಡುವುದು ನೀವು.

ಕಾಡಿನ ವಿಷಯದಲ್ಲಿ ಒಂದು ಮಾತು. ಚಿತ್ರದುರ್ಗದ ಜೋಗಿಮಟ್ಟಿ ಈಗ ವನ್ಯಜೀವಿ ಧಾಮ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳ ಧಾಮ. ಅಲ್ಲಿಂದ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಹುಳುವನ್ನೂ ಡಬ್ಬಿಗೆ ಹಾಕಿಕೊಂಡು ಬರುವಂತಿಲ್ಲ. ಹಾದಿಯಲ್ಲಿ ನಿಂತು ಕಣ್ಣಲ್ಲಿ ನೋಡಿ, ಫೋಟೋ ತೆಗೆಯಿರಿ, ಅಷ್ಟೇ. ಕೋಟೆಯೊಳಗೂ ಗಿಡ ಬಡಿಯುವ ಕೆಲಸ ಬೇಡ. ಬೇರೆಯವರ ಬೇಲಿಯಾದರೆ ಯಜಮಾನರನ್ನು ಕೇಳಿ. ನನಗೊಮ್ಮೆ ಒಬ್ಬ ಅಜ್ಜ, "ಏನಪ್ಪಾ, ಬೆಳಗ್ಗೆ ಬೆಳಗ್ಗೆ ಕೊಡೆ ಹಿಡ್ಕಂಡು ನಮ್ ಬೇಲಿ ಯಾಕ್ ಬಡೀತೀಯ?" ಎಂದು ಕೇಳಿದರು. ಹೇಳಿದೆ. ಅವರು ನಂಬಲಿಲ್ಲ. ಹುಳು ತೋರಿಸಿದ ಮೇಲೆ ಅವರೇ ಪಕ್ಕದ ಗಿಡವನ್ನೂ ಬಡಿದು ಕೊಟ್ಟರು.

ಬೇಕಾಗುವ ಸಾಮಾನು

ಹಳೆಯ ಕೊಡೆ, ಮೊಳದುದ್ದದ ಕೋಲು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ, ನೀರಿನ ಬಣ್ಣ ಹಚ್ಚುವ ಮೆತ್ತನೆ ಕುಂಚ, ಮುಚ್ಚಳದ ನಾಲ್ಕೈದು ಪಾರದರ್ಶಕ ಡಬ್ಬಿ, ಗ್ರಾಫ್ ಹಾಳೆಯ ತುಂಡು, ನೋಟ್‌ಬುಕ್, ಪೆನ್ಸಿಲ್. ಮಳೆಯಲ್ಲಿ ಪೆನ್ನು ಕೈಕೊಡುತ್ತದೆ, ಅದಕ್ಕೇ ಪೆನ್ಸಿಲ್. ಮೊಬೈಲ್‌ಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಒಳ್ಳೆಯದು.

ಕೊಡೆ ಕರಿಯದೇ ಇರಲಿ. ಕೀಟ ಹಿಡಿಯಲು ಬಿಳಿ ಬಟ್ಟೆ ಹಾಸಿ ಎಂದು ಎಲ್ಲರೂ ಹೇಳುತ್ತಾರೆ. ಬೇರೆ ಹುಳುಗಳಿಗೆ ಅದು ಸರಿ. ಬೂದಿ ಬಣ್ಣದ ಹುಳು ಬಿಳಿ ಪಂಚೆಯ ಮೇಲೆ ಬಿದ್ದರೆ ಕಳೆದೇ ಹೋಗುತ್ತದೆ. ಕರಿ ಕೊಡೆಯಲ್ಲಿ ಅಕ್ಕಿ ಚೆಲ್ಲಿದ ಹಾಗೆ ಎದ್ದು ಕಾಣುತ್ತದೆ.

ಕಾಲಿಗೆ ಶೂ ಹಾಕಿಕೊಳ್ಳಿ. ಬಾರೆ ಬುಡದಲ್ಲಿ ಕೈ ತೂರಿಸುವ ಮೊದಲು ಕೋಲಿನಿಂದ ಕೆದಕಿ ನೋಡಿ. ನಮ್ಮ ಕಲ್ಲು ನೆಲದಲ್ಲಿ ಚೇಳು, ಗರಗಸ ಮಂಡಲ ಎರಡೂ ಇವೆ. ಬೇಲಿಗೆ ನಸುಗುನ್ನಿ ಬಳ್ಳಿ ಹಬ್ಬಿದ್ದರೆ ಆ ಕಡೆ ತಲೆಯೇ ಹಾಕಬೇಡಿ. ಅದರ ಕಾಯಿಯ ರೋಮ ಒಮ್ಮೆ ಮೈಗೆ ತಾಗಿದರೆ ಹುಳು ಗಿಳು ಎಲ್ಲಾ ಮರೆತು ಮನೆಗೆ ಓಡುತ್ತೀರಿ.

ಹುಳುವಿಗಿಂತ ಮೊದಲು ಎಲೆ ಓದಿ

ಗಿಡದ ಮುಂದೆ ಹೋದ ತಕ್ಷಣ ಕೋಲು ಎತ್ತಬೇಡಿ. ಎರಡು ಹೆಜ್ಜೆ ಹಿಂದೆಯೇ ನಿಂತು ಎಲೆಯ ಅಂಚು ನೋಡಿ. ಬೂದಿ ಮೂತಿ ಹುಳು ಎಲೆಯನ್ನು ಅಂಚಿನಿಂದ ಒಳಕ್ಕೆ ತಿನ್ನುತ್ತದೆ. ಚಿಕ್ಕ ಚಿಕ್ಕ ಕಚ್ಚುಗಳು ಸಾಲಾಗಿ ಕಾಣುತ್ತವೆ. ಹಳೆಯ ಅಂಚೆ ಚೀಟಿಯ ಅಂಚು ನೆನಪಿದೆಯಾ? ಹೆಚ್ಚುಕಡಿಮೆ ಹಾಗೆ. ತುಂಬಾ ತಿಂದಿದ್ದರೆ ನಡುವಿನ ನರ ಮಾತ್ರ ಉಳಿದಿರುತ್ತದೆ. ಎಳೆ ಎಲೆ ಅಂದರೆ ಅದಕ್ಕೆ ಇಷ್ಟ.

ಮೋಸ ಹೋಗುವ ಜಾಗಗಳೂ ಇವೆ. ಕತ್ತರಿಯಲ್ಲಿ ಕತ್ತರಿಸಿದಂಥ ದೊಡ್ಡ, ನುಣುಪಾದ ಅರ್ಧ ವೃತ್ತ ಕಂಡರೆ ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಅದು ತಿನ್ನಲು ಅಲ್ಲ, ಗೂಡಿಗೆ ಹಾಸಲು ಒಯ್ಯುತ್ತದೆ. ಮಿಡತೆ ತಿಂದರೆ ಅಂಚು ಹರಕು ಮುರುಕು, ತುಂಡೂ ದೊಡ್ಡದು. ಕಂಬಳಿ ಹುಳು ಇದ್ದರೆ ಕೆಳಗೆ ಹಿಕ್ಕೆ ಬಿದ್ದಿರುತ್ತದೆ, ಕೆಲವೊಮ್ಮೆ ನೂಲೂ ಇರುತ್ತದೆ. ಎಲೆಯ ನಡುವೆ ಗುಂಡು ತೂತು ಇದ್ದರೆ ಬೇರೆ ಯಾರದೋ ಕೆಲಸ.

ಕಚ್ಚು ಹೊಸದೋ ಹಳೆಯದೋ ನೋಡಿ. ಹೊಸ ಕಚ್ಚಿನ ಅಂಚು ಹಸಿರು. ಹಳೆಯದರ ಅಂಚು ಒಣಗಿ ಕಂದಾಗಿರುತ್ತದೆ. ಕಂದು ಮಾತ್ರ ಇದ್ದರೆ ಹುಳು ಬಂದು ಹೋಗಿದೆ. ಹಸಿರು ಅಂಚು ಕಂಡರೆ ಉಸಿರು ಬಿಗಿಹಿಡಿಯಿರಿ, ಅಲ್ಲೇ ಎಲ್ಲೋ ಇದೆ.

ಕೊಡೆ ಹಿಡಿದು ಬಡಿಯುವುದು

ನಾನು ಅತಿ ಹೆಚ್ಚು ಸಲ ಎಡವಿದ್ದು ಈ ಹಂತದಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೂದಿ ಮೂತಿ ಹುಳುವಿಗೆ ಓಡಿ ತಪ್ಪಿಸಿಕೊಳ್ಳುವ ಅಭ್ಯಾಸ ಕಡಿಮೆ. ಅಪಾಯ ಅನ್ನಿಸಿದರೆ ಕಾಲು ಬಿಟ್ಟು ಕೆಳಗೆ ಉದುರುತ್ತದೆ. ಬಿದ್ದಲ್ಲೇ ಕಾಲು ಮಡಚಿಕೊಂಡು ಸತ್ತಂತೆ ಮಲಗುತ್ತದೆ. ಕಸದ ನಡುವೆ ಬಿದ್ದರೆ ನೀವು ಹುಡುಕಲಾರಿರಿ. ನೆರಳು ಬಿದ್ದರೆ ಸಾಕು, ರೆಂಬೆ ತಟಕ್ಕನೆ ಅಲುಗಿದರೆ ಸಾಕು. ಅದರ ಈ ಉಪಾಯವನ್ನೇ ನಾವು ಬಳಸಿಕೊಳ್ಳುವುದು.

ಕೊಡೆ ಬಿಚ್ಚಿ, ತಲೆಕೆಳಗು ಮಾಡಿ, ರೆಂಬೆಯ ಕೆಳಗೆ ಮೆಲ್ಲಗೆ ತನ್ನಿ. ಎಲೆಗೆ ತಾಗಬಾರದು. ಸೂರ್ಯನಿಗೆ ಎದುರಾಗಿ ನಿಲ್ಲಿ, ಆಗ ನಿಮ್ಮ ನೆರಳು ಹಿಂದೆ ಬೀಳುತ್ತದೆ. ಕೋಲಿನಿಂದ ರೆಂಬೆಗೆ, ಎಲೆಗಲ್ಲ, ಗಟ್ಟಿಯಾಗಿ ಎರಡೇ ಏಟು. ಮೆಲ್ಲಗೆ ಹತ್ತು ಸಲ ತಟ್ಟಿದರೆ ಹುಳು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹುಣಸೆ ಕಾಯಿ ಉದುರಿಸುವ ಹುಮ್ಮಸ್ಸೂ ಬೇಡ, ಗಿಡದ ಚಿಗುರು ಮುರಿಯುತ್ತದೆ.

ಈಗ ಕೊಡೆಯನ್ನು ಅಲ್ಲಾಡಿಸದೆ ಹಿಡಿದುಕೊಂಡು ಎರಡು ನಿಮಿಷ ಸುಮ್ನೆ ನಿಲ್ಲಿ. ಕಷ್ಟದ ಕೆಲಸ ಇದೇ. ಕೊಡೆಯ ತುಂಬಾ ಒಣ ಎಲೆ, ಮುಳ್ಳು, ಕಾಯಿ, ಇರುವೆ, ಜೇಡ ಬಿದ್ದಿರುತ್ತವೆ. ಮೊದಲು ಓಡುವುದು ಇರುವೆ. ಆಮೇಲೆ ಜೇಡ. ಎಲ್ಲಾ ಓಡಿ ಮುಗಿದ ಮೇಲೆ, ಕಸ ಅಂದುಕೊಂಡಿದ್ದ ಒಂದು ಬೂದಿ ಚೂರು ಮೊಣಕೈ ಬಿಚ್ಚಿದಂತೆ ಮೀಸೆ ಬಿಚ್ಚುತ್ತದೆ. ಒಂದು ಕಾಲು. ಇನ್ನೊಂದು ಕಾಲು. ಎದ್ದು ನಿಂತು, ಏನೂ ಆಗಿಲ್ಲವೆಂಬಂತೆ ಕೊಡೆಯ ಕಡ್ಡಿ ಹತ್ತಿ ನಡೆಯುತ್ತದೆ. ಮೊದಲ ಸಲ ನೋಡಿದಾಗ ನಾನು ಜೋರಾಗಿ ನಕ್ಕುಬಿಟ್ಟಿದ್ದೆ.

ಹೊತ್ತು ಮುಖ್ಯ. ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ಮುಗಿಸಿ. ತಂಪಿನಲ್ಲಿ ಹುಳುವೂ ಮಂಕಾಗಿರುತ್ತದೆ. ಇನ್ನೊಂದು ಕಾರಣ ನಮ್ಮ ದುರ್ಗದ ಗಾಳಿ. ಗುಡ್ಡದ ಸಾಲಿನ ಮೇಲೆ ಆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಹತ್ತು ಗಂಟೆಯಾದರೆ ಕೊಡೆಯೇ ಹಾರುತ್ತದೆ, ಉದುರುವ ಹುಳು ಎರಡು ಮಾರು ಆಚೆ ಹೋಗಿ ಬೀಳುತ್ತದೆ. ನಾನು ಗಾಳಿಗೆ ಎರಡು ಕೊಡೆ ಕಳೆದುಕೊಂಡಿದ್ದೇನೆ. ಮಳೆ ನಿಂತ ಕೂಡಲೇ ಬಡಿಯುವುದೂ ದಂಡ. ಕೊಡೆಯಲ್ಲಿ ನೀರು ನಿಲ್ಲುತ್ತದೆ, ಹುಳು ಒದ್ದೆಯಾಗಿ ಬಣ್ಣವೇ ತಿಳಿಯುವುದಿಲ್ಲ.

ಒಂದು ಗಿಡಕ್ಕೆ ಐದು ರೆಂಬೆ, ರೆಂಬೆಗೆ ಎರಡು ಏಟು. ಪ್ರತಿ ವಾರ ಇಷ್ಟೇ. ಹುಮ್ಮಸ್ಸು ಬಂದ ದಿನ ಇಪ್ಪತ್ತು, ಬೇಜಾರಾದ ದಿನ ಮೂರು ಅಂತ ಮಾಡಿದರೆ ವರ್ಷದ ಕೊನೆಗೆ ಲೆಕ್ಕವೇ ಕೂಡುವುದಿಲ್ಲ.

ಇದೇ ಹುಳು ಹೌದೋ ಅಲ್ಲವೋ

ಸಿಕ್ಕ ಹುಳುವನ್ನು ಕುಂಚದಿಂದ ಡಬ್ಬಿಗೆ ತಳ್ಳಿ. ಬೆರಳಿನಲ್ಲಿ ಹಿಡಿಯಬೇಡಿ. ಇದರ ಬಣ್ಣ ಚರ್ಮದ್ದಲ್ಲ, ಮೈಮೇಲಿನ ಸಣ್ಣ ಹುರುಪೆಗಳದ್ದು. ಚಿಟ್ಟೆಯ ರೆಕ್ಕೆಯ ಪುಡಿಯಂತೆ ಅದು ಉದುರುತ್ತದೆ. ವಯಸ್ಸಾದ ಹುಳುವಿನ ಹುರುಪೆ ತಾನಾಗಿಯೇ ಸವೆದು ಮೈ ಕಪ್ಪಾಗಿ ಕಾಣುತ್ತದೆ. ಅದನ್ನು ನೋಡಿ ಹೊಸ ಜಾತಿ ಸಿಕ್ಕಿತು ಎಂದು ಕುಣಿದವರಲ್ಲಿ ನಾನೂ ಒಬ್ಬ.

ಮೊದಲು ಮೀಸೆ ನೋಡಿ. ಮೊಣಕೈಯಂತೆ ನಡುವೆ ಬಾಗಿದ್ದು, ತುದಿ ಗದೆಯಂತೆ ದಪ್ಪ ಇದ್ದರೆ ಮೂತಿ ಹುಳುವಿನ ಬಳಗ. ಮೂತಿ ಗಿಡ್ಡ, ಅಗಲ ಇದ್ದರೆ ಸರಿಯಾದ ಕವಲಿಗೆ ಬಂದಿದ್ದೀರಿ. ಆಮೇಲೆ ತೊಡೆ. ಕಾಲಿನ ದಪ್ಪ ಭಾಗದ ಒಳಬದಿಯಲ್ಲಿ ಸಣ್ಣ ಮುಳ್ಳುಗಳು ಕಾಣಬೇಕು. ತಲೆಗೆ ಹಳದಿ ಛಾಯೆ, ರೆಕ್ಕೆಯ ಹೆಗಲು ಚೂಪಾಗಿ ಕೋನ ಮಾಡಿದಂತೆ, ಬಿಳಿ ಬೂದಿ ಮೈಮೇಲೆ ಕಪ್ಪು ಕಲೆ. ಇಷ್ಟೂ ಕೂಡಿದರೆ ನಮ್ಮ ಹನ್ನೊಂದು ಚುಕ್ಕೆಯವನು ಅನ್ನಬಹುದು.

ಜೊತೆಗೆ ಅದರ ದಾಯಾದಿಗಳೂ ಸಿಗುತ್ತವೆ. ತಿಳಿ ಹಸಿರು ಬಣ್ಣದ ಸಣ್ಣದು ಮಿಲ್ಲೊಸೆರಸ್ ವಿರಿಡೇನಸ್. ಕಂದು ಮೈಗೆ ಬಿಳಿ ಚುಕ್ಕೆ ಇದ್ದರೆ ಮಿಲ್ಲೊಸೆರಸ್ ಡಿಸ್ಕಲರ್. ಬದನೆ ಗಿಡದಲ್ಲಿ ಸಿಗುವ ಕಂದು ಛಾಯೆಯದು ಸಾಮಾನ್ಯವಾಗಿ ಮಿಲ್ಲೊಸೆರಸ್ ಸಬ್‌ಫ್ಯಾಸಿಯೇಟಸ್. ಅನುಮಾನ ಇದ್ದರೆ 'ಮಿಲ್ಲೊಸೆರಸ್, ಜಾತಿ ಗೊತ್ತಿಲ್ಲ' ಎಂದು ಬರೆಯಿರಿ. ಇದರಲ್ಲಿ ಅವಮಾನವಿಲ್ಲ.

ಫೋಟೋ ನಾಲ್ಕು ಬೇಕು: ಬೆನ್ನು, ಪಕ್ಕ, ಮುಖ, ತೊಡೆ. ಗ್ರಾಫ್ ಹಾಳೆಯ ಮೇಲೆ ಬಿಟ್ಟರೆ ಅಳತೆಯೂ ಸಿಗುತ್ತದೆ. ಹುಳು ನಿಲ್ಲುತ್ತಿಲ್ಲವೆಂದರೆ ಡಬ್ಬಿಯನ್ನು ಐದು ನಿಮಿಷ ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಲ್ಲ. ಡಬ್ಬಿಯ ಮೇಲೆ 'ಹುಳು' ಅಂತ ದೊಡ್ಡದಾಗಿ ಬರೆಯುವುದನ್ನು ಮರೆಯಬೇಡಿ. ಜೀರಿಗೆ ಅಂದುಕೊಂಡು ಮನೆಯವರು ತೆರೆದರೆ ಆ ದಿನದ ತಿಂಡಿ ನಿಮಗಿಲ್ಲ.

ಗಿಡ, ಪ್ರಾಣಿ, ಹುಳುಗಳ ಫೋಟೋ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಫೋಟೋ ಹಾಕಿದರೆ ತಿಳಿದವರು ನೋಡಿ ಹೇಳುತ್ತಾರೆ. ಗಿಡದ ಹೆಸರನ್ನೂ ಸೇರಿಸಿ, ಅರ್ಧ ಕೆಲಸ ಅದರಿಂದಲೇ ಆಗುತ್ತದೆ. ರೈತರಾದರೆ ಹುಳುವನ್ನೇ ಡಬ್ಬಿಯಲ್ಲಿ ಹಿಡಿದು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಬಹುದು. ಹೊರದೇಶದವರು ಯಾರಾದರೂ ಹುಳು ಕಳಿಸಿ ಎಂದು ಕೇಳಿದರೆ ಒಪ್ಪಬೇಡಿ, ಅದಕ್ಕೆ ಸರ್ಕಾರದ ಅನುಮತಿ ಬೇಕು.

ಕೆಳಗಿನ ಅಂತಸ್ತು

ಮಣ್ಣು ನೋಡುವ ಕೆಲಸ ತಿಂಗಳಿಗೆ ಒಮ್ಮೆ ಸಾಕು, ಅದೂ ಮಳೆಗಾಲದಲ್ಲಿ. ಗಿಡದ ನೆರಳು ಬೀಳುವ ಜಾಗದಲ್ಲಿ ಒಂದು ಗೇಣು ಅಗಲ, ಅರ್ಧ ಗೇಣು ಆಳ ಮಣ್ಣು ತೆಗೆಯಿರಿ. ಹಳೆಯ ಜರಡಿಯಲ್ಲಿ ಜಾಲಿಸಿ. ಹಾಲು ಬಿಳಿ ಬಣ್ಣದ, ಬಾಗಿದ, ಕಾಲೇ ಇಲ್ಲದ ಸಣ್ಣ ಮರಿ ಸಿಕ್ಕರೆ ಅದು ಮೂತಿ ಹುಳುವಿನದು. ಕಾಲು ಇದೆಯಾ ಇಲ್ಲವಾ ಎಂದು ಭೂತಗನ್ನಡಿಯಲ್ಲಿ ಖಚಿತ ಮಾಡಿಕೊಳ್ಳಿ. ಆರು ಕಾಲು ಇದ್ದರೆ ಅದು ಗೊಣ್ಣೆ ಹುಳು. ಚನ್ನಗಿರಿಯ ಅಡಿಕೆ ತೋಟದವರಿಗೆ ಅದನ್ನು ಪರಿಚಯಿಸಬೇಕಿಲ್ಲ. ನೋಡಿದ ಮೇಲೆ ಮಣ್ಣನ್ನೂ ಎಲೆ ಕಸವನ್ನೂ ಮೊದಲಿದ್ದಂತೆ ಮುಚ್ಚಿ.

ಚಳ್ಳಕೆರೆ, ಹಿರಿಯೂರಿನ ಎರೆ ನೆಲದಲ್ಲಿ ಬೇಸಿಗೆಯಲ್ಲಿ ಅಗೆಯಲು ಹೋಗಬೇಡಿ. ನೆಲ ಕಲ್ಲಾಗಿರುತ್ತದೆ, ನಡುನಡುವೆ ಬಿರುಕು. ಮಳೆ ಬಿದ್ದು ಎರಡು ದಿನ ಕಳೆದು, ಮಣ್ಣು ಕೈಗೆ ಅಂಟದಷ್ಟು ಆರಿದಾಗ ನೋಡಿ. ಕೆಂಪು ಮಣ್ಣಿನಲ್ಲಿ ಈ ತಾಪತ್ರಯ ಇಲ್ಲ.

ಈ ಕಾಲಿಲ್ಲದ ಮರಿಯನ್ನು ನಾನು ಮೊದಲು ನೋಡಿದ್ದು ಅಮ್ಮನ ಬದನೆ ಮಡಿಯಲ್ಲಿ. "ತಮ್ಮಾ, ಬದ್ನೆ ಗಿಡ ಬಾಡ್ತಾ ಐತೆ, ನೀರು ಹಾಕಿದ್ರೂ ಏಳ್ತಿಲ್ಲ" ಅಂದರು. ಅಂಗಡಿಯವರನ್ನು ಕೇಳಿದೆ. ಸೊರಗು ರೋಗ ಅಂದು ಒಂದು ಪುಡಿ ಕೊಟ್ಟರು. ಹಾಕಿದೆವು. ಇನ್ನೂ ನಾಲ್ಕು ಗಿಡ ಹೋದವು. ಕೊನೆಗೆ ಅಮ್ಮ ಸಿಟ್ಟಿಗೆ ಒಂದು ಗಿಡ ಕಿತ್ತು ಎಸೆದರು. ಬೇರಿನ ಸಿಪ್ಪೆಯೇ ಇಲ್ಲ. ಬುಡದ ಮಣ್ಣಲ್ಲಿ ಆರೇಳು ಬಿಳಿ ಮರಿ. ಮೇಲೆ ಎಲೆಯ ಅಂಚಿನಲ್ಲಿ ಅಂಚೆ ಚೀಟಿ ಕಚ್ಚು ತಿಂಗಳಿಂದ ಕಾಣುತ್ತಲೇ ಇತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಬಂದಿರಲಿಲ್ಲ.

ನಿಮಗೂ ಹಾಗಾದರೆ ಬಾಡಿದ ಗಿಡವನ್ನು ಕಿತ್ತು ಬೇರು ನೋಡಿ, ಆಮೇಲೆ ಔಷಧಿ ಮಾತು. ಮರಿ ಇದ್ದರೆ ಮಣ್ಣು ಕೆದಕಿ ಆರಿಸಿ, ಬುಡಕ್ಕೆ ಬೇವಿನ ಹಿಂಡಿ ಸೇರಿಸಿ. ದೊಡ್ಡ ಹುಳುಗಳನ್ನು ಬೆಳಗ್ಗೆ ಕೊಡೆಗೆ ಬಡಿದು ಸೋಪಿನ ನೀರಿಗೆ ಹಾಕಿ. ಈ ಮರಿಗಳ ಮೈಯೊಳಗೆ ಹೊಕ್ಕು ಕೊಲ್ಲುವ ಸೂಕ್ಷ್ಮ ಜಂತುಗಳನ್ನೂ ಮೆಟರೈಜಿಯಂ ಎಂಬ ಶಿಲೀಂಧ್ರವನ್ನೂ ಮಣ್ಣಿಗೆ ಸೇರಿಸುವ ಪದ್ಧತಿ ಇದೆ. ಪ್ರಮಾಣವನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಯೇ ಹಾಕಿ. ಬೇಲಿಯನ್ನು ಕಡಿದು ಸುಡಲು ಮಾತ್ರ ಹೋಗಬೇಡಿ. ಮೂತಿ ಹುಳುವಿನ ಜೊತೆ ಅದನ್ನು ತಿನ್ನುವ ಜೇಡ, ಓತಿಕೇತ, ಹಕ್ಕಿಗಳಿಗೂ ಅದೇ ಮನೆ.

ನೋಟ್‌ಬುಕ್

ತಾರೀಖು, ಹೊತ್ತು, ಗಿಡ, ಎಷ್ಟು ಹುಳು, ಜೋಡಿ ಎಷ್ಟು, ಚಿಗುರು ಇದೆಯಾ, ಬುಡ ಒಣಗಿದೆಯಾ, ಕುರಿ ಮೇಯ್ದಿದೆಯಾ, ಗಾಳಿ, ಮಳೆ. ಒಂದು ಸಾಲಿನಲ್ಲಿ ಮುಗಿಯುತ್ತದೆ. ಜೋಡಿ ಗುರುತಿಸುವುದು ಸುಲಭ, ಚಿಕ್ಕದು ದೊಡ್ಡದರ ಬೆನ್ನೇರಿ ಕೂತಿರುತ್ತದೆ. ನಾನು ಮಳೆ ನಕ್ಷತ್ರವನ್ನೂ ಬರೆಯುತ್ತೇನೆ. ಮೃಗಶಿರಾ, ಆರಿದ್ರಾ, ಹಸ್ತೆ, ಚಿತ್ತೆ ಅಂತ. ಊರಿನ ಹಿರಿಯರ ಜೊತೆ ಮಾತಾಡುವಾಗ ಜೂನ್ ಎರಡನೇ ವಾರ ಅನ್ನುವುದಕ್ಕಿಂತ ಮೃಗಶಿರಾ ಅಂದರೆ ಅವರಿಗೂ ನೆನಪು ಬಿಚ್ಚಿಕೊಳ್ಳುತ್ತದೆ.

ಹುಳು ಸಿಗದ ದಿನ ಸೊನ್ನೆ ಬರೆಯಿರಿ. ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ನೀವು ಹೋಗಲಿಲ್ಲವೋ, ಹೋಗಿ ಸಿಗಲಿಲ್ಲವೋ ಎಂದು ಆರು ತಿಂಗಳ ಮೇಲೆ ನಿಮಗೇ ಗೊತ್ತಾಗುವುದಿಲ್ಲ. ನನ್ನ ಪುಸ್ತಕದಲ್ಲಿ ಬೇಸಿಗೆ ಪೂರ್ತಿ ಸೊನ್ನೆಗಳ ಸಾಲು. ಬಾರೆ ಗಿಡ ಸುಡು ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಮೊದಲ ಮಳೆಗೆ ಚಿಗುರು, ಚಿಗುರಿನ ಹಿಂದೆಯೇ ಕಚ್ಚು, ಕಚ್ಚಿನ ಹಿಂದೆ ಕೊಡೆಯಲ್ಲಿ ಮೂರು, ಐದು, ಒಂಬತ್ತು. ಆ ಸೊನ್ನೆಗಳಿಲ್ಲದಿದ್ದರೆ ಒಂಬತ್ತಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಬೋಳು ಗಿಡದ ಕಾಲದಲ್ಲಿ ಅಕ್ಕಪಕ್ಕದ ನೀರುಂಡ ದಾಸವಾಳವನ್ನೂ ಒಮ್ಮೆ ಬಡಿದು ನೋಡಿ, ಅದರ ಲೆಕ್ಕ ಬೇರೆ ಪುಟದಲ್ಲಿ ಬರೆಯಿರಿ.

ಮನೆಯಲ್ಲಿ ಸಾಕಿ ನೋಡುವುದಾದರೆ

ಇದು ಇಷ್ಟ ಇದ್ದವರಿಗೆ ಮಾತ್ರ. ಮಕ್ಕಳಿರುವ ಮನೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬದ ತಳಕ್ಕೆ ನಾಲ್ಕು ಬೆರಳು ಮಣ್ಣು ಹಾಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಒಸರಬಾರದು. ಸಣ್ಣ ಸೀಸೆಯಲ್ಲಿ ನೀರು ತುಂಬಿ ಬಾರೆ ರೆಂಬೆ ಸಿಕ್ಕಿಸಿ, ಸೀಸೆಯ ಬಾಯಿಗೆ ಹತ್ತಿ ತುರುಕಿ. ಇಲ್ಲದಿದ್ದರೆ ಹುಳು ಮುಳುಗಿ ಸಾಯುತ್ತದೆ. ಬಾಯಿಗೆ ತೆಳು ಬಟ್ಟೆ, ರಬ್ಬರ್ ಬ್ಯಾಂಡ್. ಮುಚ್ಚಳ ಬೇಡ. ನಾನು ಮೊದಲು ಮುಚ್ಚಳ ಹಾಕಿ ಇಟ್ಟಿದ್ದೆ, ವಾರದಲ್ಲಿ ಒಳಗೆಲ್ಲಾ ಬೂಸ್ಟು ಹಿಡಿದು ಹುಳು, ಎಲೆ ಎಲ್ಲಾ ಹಾಳಾಯಿತು.

ಎರಡು ಮೂರು ಜೋಡಿ ಬಿಡಿ. ದಿನ ಬಿಟ್ಟು ದಿನ ಎಲೆ ಬದಲಿಸಿ. ಹಳೆಯ ಎಲೆಯನ್ನು ಬಿಸಾಡದೆ ಪುಸ್ತಕದ ನಡುವೆ ಒತ್ತಿಡಿ. ಕಚ್ಚು ಎಷ್ಟು ಅಗಲ, ಎಷ್ಟು ಆಳ ಎಂದು ಹೊರಗಿನ ಗಿಡದ ಎಲೆಗೆ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಮೊಟ್ಟೆ ಹುಡುಕುವುದಾದರೆ ಮಣ್ಣಿನ ಮೇಲ್ಪದರವನ್ನು ಕುಂಚದಿಂದ ಸರಿಸಿ. ಮೂರು, ನಾಲ್ಕು, ಐದರ ಗುಂಪಿನಲ್ಲಿ ಕೆನೆ ಬಣ್ಣದ ಚುಕ್ಕೆಗಳು. ಒಡೆಯುವ ಹೊತ್ತಿಗೆ ಕಂದಾಗುತ್ತವೆ.

ಮರಿಗೆ ಜೀವಂತ ಬೇರು ಬೇಕು. ಅದಕ್ಕೆ ಕುಂಡದಲ್ಲಿ ಒಂದು ಬದನೆ ಅಥವಾ ಬೆಂಡೆ ಸಸಿ ಮೊದಲೇ ಬೆಳೆಸಿಟ್ಟು, ಮೊಟ್ಟೆಯಿರುವ ಮಣ್ಣನ್ನು ಅದರ ಬುಡಕ್ಕೆ ಹಾಕಿ, ಸುತ್ತ ಸೊಳ್ಳೆ ಪರದೆಯ ತುಂಡು ಕಟ್ಟಿ. ಈಗ ಕಾಯುವುದು. ಎರಡೂವರೆ ತಿಂಗಳವರೆಗೆ ಕುಂಡವನ್ನು ಯಾರೂ ಖಾಲಿ ಮಾಡಬಾರದು. ನಮ್ಮ ಮನೆಯಲ್ಲಿ ಒಂದು ಸಲ ದೀಪಾವಳಿ ಸಾರಣೆಯಲ್ಲಿ ಸಸಿ ಸತ್ತಿದೆ ಅಂತ ಕುಂಡವೇ ತಿಪ್ಪೆಗೆ ಹೋಯಿತು. ಸಸಿ ಸತ್ತಿದ್ದು ಒಳ್ಳೆಯ ಸುದ್ದಿ ಎಂದು ಯಾರಿಗೆ ಹೇಳುವುದು?

ಹೊಸ ಹುಳು ಪರದೆಯ ಮೇಲೆ ಕಂಡ ದಿನ ಫೋಟೋ ತೆಗೆಯಿರಿ. ಹುರುಪೆ ಒಂದೂ ಉದುರಿರುವುದಿಲ್ಲ, ಬಣ್ಣ ಅಷ್ಟು ಚೆನ್ನಾಗಿ ಮತ್ತೆ ಸಿಗುವುದಿಲ್ಲ. ಸಂಜೆ ತಂಪಾದ ಮೇಲೆ ತಂದ ಗಿಡಕ್ಕೇ ವಾಪಸ್ ಬಿಡಿ. ಬೇರೆ ಗಿಡ ಬೇಡ, ಪಕ್ಕದ ಮನೆಯವರ ಬದನೆ ಮಡಿಯಂತೂ ಬೇಡವೇ ಬೇಡ.